ತಂಡ ಬದಲಾಗುತ್ತದೆ, ಕೇಳುವ ಕಿವಿಯೂ ಬದಲಾಗುತ್ತದೆ

ಲಂಡನ್ ನಗರದಲ್ಲಿ 1968ರಲ್ಲಿ ಐವರು ಯುವಕರು ಸೇರಿ ಒಂದು ವಾದ್ಯತಂಡವನ್ನು ಕಟ್ಟಿದರು. ಅದಕ್ಕೆ ಅವರಿಟ್ಟ ಹೆಸರು ‘ಯೆಸ್’, ಅಂದರೆ ‘ಹೌದು’. ಅರ್ಧ ಶತಮಾನ ಮೀರಿದ ಮೇಲೆ, 2023ರಲ್ಲಿ, ಅದೇ ಹೆಸರಿನ ತಂಡದಿಂದ ಒಂದು ಹೊಸ ಧ್ವನಿಮುದ್ರಿಕೆ ಹೊರಬಂದಿತು. ಆದರೆ ಅದನ್ನು ನುಡಿಸಿದವರಲ್ಲಿ 1968ರ ಆ ಐವರ ಪೈಕಿ ಒಬ್ಬರೂ ಇರಲಿಲ್ಲ. ಹಾಗಾದರೆ ಇದು ಅದೇ ತಂಡವೇ? ಅಂದು ಆ ತಂಡವನ್ನು ಮೆಚ್ಚಿದ್ದವರು ಇಂದೂ ಮೆಚ್ಚಬೇಕೆ? ಮೆಚ್ಚದಿದ್ದರೆ ಅವರ ಅಭಿಮಾನ ಸುಳ್ಳಾಗಿತ್ತೆ?

ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲಿ ಕಪಿಲಾ ನದಿಯ ದಡದಲ್ಲಿ ನಿಂತು ನೋಡಿದವರಿಗೆ ಇಂಥ ಪ್ರಶ್ನೆ ತೀರ ಹೊಸದಲ್ಲ. ನಿನ್ನೆ ಹರಿದ ನೀರು ಇಂದು ಅಲ್ಲಿಲ್ಲ. ಆದರೂ ಹೊಳೆಯ ಹೆಸರು ಕಪಿಲೆಯೇ. ಮಳೆಗಾಲದ ಕೆಂಪು ನೀರನ್ನು ಕಂಡು ‘ಇದು ನಮ್ಮ ಹೊಳೆಯಲ್ಲ’ ಎಂದು ಯಾರೂ ಹೇಳುವುದಿಲ್ಲ. ಆದರೆ ಸಂಗೀತದ ವಿಷಯಕ್ಕೆ ಬಂದಾಗ ನಾವು ಇಷ್ಟು ಉದಾರವಾಗಿರುವುದಿಲ್ಲ. ಅಭಿಮಾನಿಗಳ ಮೆಚ್ಚುಗೆ ಹೇಗೆ ಹುಟ್ಟುತ್ತದೆ, ಏಕೆ ಬದಲಾಗುತ್ತದೆ, ಅದರ ಪರಿಣಾಮ ಕಲಾವಿದರ ಮೇಲೆ ಏನು ಎಂಬುದನ್ನು ಈ ತಂಡದ ಉದಾಹರಣೆಯಿಂದ ತಿಳಿಯಲು ಪ್ರಯತ್ನಿಸೋಣ. ಇದು ಬರಿಯ ಪಾಶ್ಚಾತ್ಯ ಸಂಗೀತದ ಕಥೆಯಲ್ಲ. ನಮ್ಮ ಊರಿನ ಮೇಳಗಳ ಅಳಿವು ಉಳಿವಿಗೂ ಇದಕ್ಕೂ ಹತ್ತಿರದ ಸಂಬಂಧವಿದೆ.

ಪ್ರೊಗ್ರೆಸಿವ್ ರಾಕ್ ಎಂದರೇನು?

ರಾಕ್ ಸಂಗೀತ ಅಮೆರಿಕದಲ್ಲಿ 1950ರ ದಶಕದಲ್ಲಿ ಜನಪ್ರಿಯವಾಯಿತು. ಗಿಟಾರ್, ಡ್ರಮ್ಸ್, ಒಂದು ಗಟ್ಟಿ ಕಂಠ, ಕುಣಿಯಲು ಬರುವ ನಾಲ್ಕು ಎಣಿಕೆಯ ಲಯ, ಮೂರು ನಿಮಿಷದ ಹಾಡು: ಇಷ್ಟು ಅದರ ಸಾಮಗ್ರಿ. ಈ ಮೂರು ನಿಮಿಷದ ಮಿತಿ ಯಾವ ಸಂಗೀತ ಶಾಸ್ತ್ರದಿಂದಲೂ ಬಂದದ್ದಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ 10 ಅಂಗುಲದ ಹಳೆಯ ಗ್ರಾಮಫೋನ್ ಪ್ಲೇಟಿನ ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ ಮಾತ್ರ. ನಮ್ಮ ಕಂಪನಿ ನಾಟಕಗಳ ರಂಗಗೀತೆಗಳೂ ಪ್ಲೇಟಿಗೆ ಇಳಿಯುವಾಗ ಇದೇ ಅಳತೆಗೆ ತಮ್ಮನ್ನು ಮೊಟಕು ಮಾಡಿಕೊಂಡವು.

ಅಮೆರಿಕದ ಕೊಲಂಬಿಯಾ ಕಂಪನಿ 1948ರಲ್ಲಿ ಲಾಂಗ್ ಪ್ಲೇ ತಟ್ಟೆಯನ್ನು ಮಾರುಕಟ್ಟೆಗೆ ತಂದಿತು. ಅದರ ಒಂದೊಂದು ಮುಖದಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಯುತ್ತಿತ್ತು. ಮೊದಮೊದಲು ಚಿಕ್ಕ ಹಾಡುಗಳನ್ನೇ ಅದರಲ್ಲಿ ಸಾಲಾಗಿ ಜೋಡಿಸುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ತರುಣರು, ಇಡೀ ಮುಖವನ್ನು ಒಂದೇ ರಚನೆಗೆ ಬಳಸಬಾರದೇಕೆ ಎಂದು ಯೋಚಿಸಿದರು. ಚರ್ಚಿನ ಆರ್ಗನ್, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಜಾಝ್, ಜಾನಪದ ಮಟ್ಟು, ಕಾವ್ಯ, ಪುರಾಣ ಎಲ್ಲವನ್ನೂ ರಾಕ್ ಸಂಗೀತದೊಳಗೆ ತಂದರು. ಈ ಶೈಲಿಗೆ ‘ಪ್ರೊಗ್ರೆಸಿವ್ ರಾಕ್’ ಎಂಬ ಹೆಸರು ಬಂತು. ಪಿಂಕ್ ಫ್ಲಾಯ್ಡ್, ಕಿಂಗ್ ಕ್ರಿಮ್ಸನ್, ಜೆಥ್ರೋ ಟಲ್, ಜೆನೆಸಿಸ್, ಯೆಸ್ ಇವು ಈ ಸಾಲಿನ ಪ್ರಮುಖ ತಂಡಗಳು. ಜೆಥ್ರೋ ಟಲ್ ತಂಡದ 1972ರ ‘ಥಿಕ್ ಆಸ್ ಎ ಬ್ರಿಕ್’ ತಟ್ಟೆಯ ಎರಡೂ ಮುಖಗಳನ್ನು ಆವರಿಸಿದ ಒಂದೇ ಹಾಡು. ಅವಧಿ ನಲವತ್ತು ನಿಮಿಷಕ್ಕೂ ಹೆಚ್ಚು.

ಮೈಸೂರು ಸೀಮೆಯವರಿಗೆ ಉದ್ದದ ಹಾಡು ಎಂದರೆ ಬೆರಗಾಗಬೇಕಿಲ್ಲ. ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು, ಮಲೆ ಮಹದೇಶ್ವರನ ಕಥೆಯನ್ನು ಕಂಸಾಳೆಯ ದೇವರಗುಡ್ಡರು ‘ಸಾಲು’ಗಳಾಗಿ ವಿಂಗಡಿಸಿಕೊಂಡು ರಾತ್ರಿಯೆಲ್ಲ ಹಾಡುತ್ತಾರೆ. ವಿಚಿತ್ರ ಲಯವೂ ನಮಗೆ ಹೊಸತಲ್ಲ. ಪಿಂಕ್ ಫ್ಲಾಯ್ಡ್ ತಂಡದ 1973ರ ‘ಮನಿ’ ಎಂಬ ಹಾಡು ಏಳು ಎಣಿಕೆಯಲ್ಲಿ ನಡೆಯುವುದನ್ನು ಕೇಳಿ ಪಶ್ಚಿಮದ ಕೇಳುಗರು ಅಚ್ಚರಿಪಟ್ಟರು. ಕರ್ನಾಟಕ ಸಂಗೀತದ ಮಿಶ್ರ ಛಾಪು ತಾಳವನ್ನು ಕೇಳಿ ಬೆಳೆದವರ ಕಿವಿಗೆ ಏಳು ಎಣಿಕೆ ಮನೆಯ ಹೊಸ್ತಿಲಿನಷ್ಟೇ ಪರಿಚಿತ.

ಒಂದು ಹೆಸರು, ಹಲವು ಕೈಗಳು

ಯೆಸ್ ತಂಡದ ಮೊದಲ ಐವರು: ಗಾಯಕ ಜಾನ್ ಆಂಡರ್ಸನ್, ಬಾಸ್ ಗಿಟಾರಿನ ಕ್ರಿಸ್ ಸ್ಕ್ವೈರ್, ಗಿಟಾರಿನ ಪೀಟರ್ ಬ್ಯಾಂಕ್ಸ್, ಕೀಬೋರ್ಡಿನ ಟೋನಿ ಕೇ, ಡ್ರಮ್ಸಿನ ಬಿಲ್ ಬ್ರೂಫರ್ಡ್. 1970ರಲ್ಲಿ ಬ್ಯಾಂಕ್ಸ್ ಜಾಗಕ್ಕೆ ಸ್ಟೀವ್ ಹೌ ಬಂದರು. 1971ರಲ್ಲಿ ಕೇ ಜಾಗಕ್ಕೆ ರಿಕ್ ವೇಕ್‌ಮನ್ ಬಂದರು. 1972ರಲ್ಲಿ ‘ಕ್ಲೋಸ್ ಟು ದಿ ಎಡ್ಜ್’ ಧ್ವನಿಮುದ್ರಣ ಮುಗಿದೊಡನೆ ಬ್ರೂಫರ್ಡ್ ಕಿಂಗ್ ಕ್ರಿಮ್ಸನ್ ತಂಡಕ್ಕೆ ಹೊರಟುಹೋದರು. ಅವರ ಬದಲಿಗೆ ಬಂದ ಅಲನ್ ವೈಟ್ ಕೆಲವೇ ದಿನಗಳಲ್ಲಿ ಎಲ್ಲ ರಚನೆಗಳನ್ನೂ ಕಲಿತು ವೇದಿಕೆ ಏರಬೇಕಾಯಿತು. ಆ ವೈಟ್ ಮುಂದೆ 2022ರಲ್ಲಿ ತೀರಿಕೊಳ್ಳುವವರೆಗೂ ಇದೇ ತಂಡದವರಾಗಿದ್ದರು. ‘ನಿನ್ನೆ ಬಂದವರು’ ಎಂದು ಅಭಿಮಾನಿಗಳು ಅನುಮಾನದಿಂದ ನೋಡಿದವರೇ ಕಾಲಾಂತರದಲ್ಲಿ ‘ಹಳಬರು’ ಆಗಿಬಿಡುತ್ತಾರೆ.

2014ರವರೆಗೆ ಈ ಹೆಸರಿನಲ್ಲಿ ಬಂದ ಎಲ್ಲ ಸ್ಟುಡಿಯೋ ಮುದ್ರಿಕೆಗಳಲ್ಲೂ ಇದ್ದವರು ಕ್ರಿಸ್ ಸ್ಕ್ವೈರ್ ಒಬ್ಬರೇ. ಅವರು 2015ರ ಜೂನ್ 27ರಂದು ರಕ್ತದ ಕ್ಯಾನ್ಸರಿನಿಂದ ನಿಧನರಾದರು. ಅದರ ನಂತರವೂ ತಂಡ ನಿಲ್ಲಲಿಲ್ಲ.

ನಮ್ಮ ನೆಲದ ಎರಡು ಎಳೆಗಳು

ಈ ಇಂಗ್ಲಿಷ್ ತಂಡದ ಎರಡು ಮುಖ್ಯ ಕೃತಿಗಳ ಹಿಂದೆ ಭಾರತದ ಎಳೆಗಳಿವೆ. ‘ಕ್ಲೋಸ್ ಟು ದಿ ಎಡ್ಜ್’ ಹದಿನೆಂಟು ನಿಮಿಷಕ್ಕೂ ಮೀರಿದ ರಚನೆ. ಇದನ್ನು ಬರೆಯುವಾಗ ಆಂಡರ್ಸನ್ ಅವರಿಗೆ ಪ್ರೇರಣೆಯಾದದ್ದು ಹರ್ಮನ್ ಹೆಸ್ಸೆಯ 1922ರ ಜರ್ಮನ್ ಕಾದಂಬರಿ ‘ಸಿದ್ಧಾರ್ಥ’. ಅದರಲ್ಲಿ ನಾಯಕ ಕೊನೆಗೆ ಜ್ಞಾನ ಪಡೆಯುವುದು ಒಂದು ಹೊಳೆಯ ದಡದಲ್ಲಿ, ವಾಸುದೇವನೆಂಬ ಅಂಬಿಗನ ಜೊತೆಯಲ್ಲಿ. ಹೊಳೆ ಯಾವಾಗಲೂ ಅದೇ, ಆದರೂ ಪ್ರತಿಕ್ಷಣ ಹೊಸದು ಎಂಬುದು ಅಲ್ಲಿ ಅವನಿಗೆ ದೊರೆಯುವ ತಿಳಿವು. ಹೆಸ್ಸೆಯ ತಾಯಿ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ. ತಾಯಿಯ ತಂದೆ ಹರ್ಮನ್ ಗುಂಡರ್ಟ್ ಮಲಯಾಳಂ ನಿಘಂಟನ್ನು ರಚಿಸಿದ ಬಾಸೆಲ್ ಮಿಷನ್ನಿನ ಪಾದ್ರಿ. 1894ರಲ್ಲಿ ಪ್ರಕಟವಾದ ಕನ್ನಡ ನಿಘಂಟಿನ ಕರ್ತೃ ಫರ್ಡಿನಾಂಡ್ ಕಿಟ್ಟೆಲ್ ಕೂಡ ಅದೇ ಮಿಷನ್ನಿನವರು.

ಎರಡನೆಯ ಎಳೆ ಮೈಸೂರಿಗೆ ಇನ್ನೂ ಹತ್ತಿರ. ಪರಮಹಂಸ ಯೋಗಾನಂದರು 1935ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಆಹ್ವಾನದ ಮೇಲೆ ಮೈಸೂರಿಗೆ ಬಂದಿದ್ದರು. 1946ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಈ ಪ್ರವಾಸಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಅದೇ ಪುಸ್ತಕದ ಮತ್ತೊಂದೆಡೆ, ಶಾಸ್ತ್ರಗಳು ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂದು ನಾಲ್ಕು ಬಗೆ ಎಂದು ವಿವರಿಸುವ ಒಂದು ಅಡಿಟಿಪ್ಪಣಿ ಇದೆ. 1973ರಲ್ಲಿ ಆಂಡರ್ಸನ್ ಇದನ್ನು ಓದಿದರು. ಆ ನಾಲ್ಕು ಬಗೆಗಳಿಗೆ ಅನುಗುಣವಾಗಿ ನಾಲ್ಕು ದೀರ್ಘ ರಚನೆಗಳನ್ನು ಸ್ಟೀವ್ ಹೌ ಜೊತೆ ಸೇರಿ ರೂಪಿಸಿದರು. ಹೀಗೆ ಹುಟ್ಟಿದ್ದು ಎರಡು ತಟ್ಟೆ, ನಾಲ್ಕು ಮುಖ, ಸುಮಾರು ಎಂಬತ್ತು ನಿಮಿಷಗಳ ‘ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್’. ಅಭಿಮಾನಿಗಳ ಮೆಚ್ಚುಗೆಯ ಏರಿಳಿತವನ್ನು ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಒಂದೇ ಕೃತಿ, ಮೂರು ತೀರ್ಪು

ಮೊದಲ ತೀರ್ಪು 1973ರ ಡಿಸೆಂಬರಿನದು. ಕೃತಿ ಬಿಡುಗಡೆಯಾದಾಗ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅಭಿಮಾನಿಗಳು ಕೇಳಿ ಕೊಂಡದ್ದಲ್ಲ. ಹಿಂದಿನ ಕೃತಿಯ ಮೇಲಿನ ನಂಬಿಕೆಯಿಂದ ಕೊಂಡದ್ದು.

ಎರಡನೆಯ ತೀರ್ಪು ಕೇಳಿದ ಮೇಲಿನದು. ಇದು ವಿಪರೀತ ಉದ್ದ, ಹಾಳತವಿಲ್ಲದ್ದು, ಆಡಂಬರದ್ದು ಎಂದು ಅನೇಕ ವಿಮರ್ಶಕರು ಹಳಿದರು. ತಂಡದೊಳಗಿನ ವೇಕ್‌ಮನ್ ಅವರಿಗೇ ಕೃತಿ ಒಗ್ಗಲಿಲ್ಲ. ಸರಕು ಒಂದು ತಟ್ಟೆಗೆ ಹೆಚ್ಚಾಯಿತು, ಎರಡು ತಟ್ಟೆಗೆ ಸಾಲದೆಹೋಯಿತು, ಆದ್ದರಿಂದ ಎಳೆದು ತುಂಬಿಸಿದೆವು ಎಂಬುದು ಅವರ ದೂರು. ಮ್ಯಾಂಚೆಸ್ಟರಿನ ಒಂದು ಕಛೇರಿಯಲ್ಲಿ ತಮಗೆ ಹೆಚ್ಚು ಕೆಲಸವಿಲ್ಲದ ಭಾಗ ಬಂದಾಗ ವೇದಿಕೆಯ ಮೇಲೆಯೇ ಕುಳಿತು ಊಟ ಮಾಡಿದ ಪ್ರಸಂಗವನ್ನು ಅವರು ಮುಂದೆ ನಗುತ್ತಾ ಹೇಳಿಕೊಂಡಿದ್ದಾರೆ. ಭಾರತೀಯ ಶಾಸ್ತ್ರಗಳಿಂದ ಹುಟ್ಟಿದ ಸಂಗೀತದ ನಡುವೆ ಅವರು ತಿಂದದ್ದೂ ಭಾರತೀಯ ಅಡುಗೆಯೇ! 1974ರಲ್ಲಿ ಅವರು ತಂಡವನ್ನು ಬಿಟ್ಟರು. ಕೆಲವೇ ವರ್ಷಗಳಲ್ಲಿ, 1976–77ರ ಹೊತ್ತಿಗೆ, ಪಂಕ್ ರಾಕ್ ಎಂಬ ಹೊಸ ಅಲೆ ಎದ್ದಿತು. ಮೂರು ಸ್ವರಮೇಳ, ಎರಡು ನಿಮಿಷ, ಬೀದಿಯ ಸಿಟ್ಟು: ಇದು ಪಂಕ್. ಸೆಕ್ಸ್ ಪಿಸ್ಟಲ್ಸ್ ತಂಡದ ಗಾಯಕ ಜಾನ್ ಲೈಡನ್, ಪಿಂಕ್ ಫ್ಲಾಯ್ಡ್ ತಮಗೆ ಹಿಡಿಸದು ಎಂದು ಬರೆದ ಅಂಗಿ ತೊಟ್ಟು ಓಡಾಡುತ್ತಿದ್ದುದು ಪ್ರಸಿದ್ಧ. ಆ ದಿನಗಳಲ್ಲಿ ದೀರ್ಘ ರಚನೆಗಳನ್ನು ಇಷ್ಟಪಡುತ್ತೇನೆ ಎಂದು ಹೇಳಿಕೊಳ್ಳಲು ಹುಡುಗರು ಸಂಕೋಚಪಡುವಂತಾಯಿತು.

ಮೂರನೆಯ ತೀರ್ಪು ನಿಧಾನವಾಗಿ ಬಂದದ್ದು. ಪಂಕ್ ಕೂಡ ಹಳತಾಯಿತು. ಗದ್ದಲ ಅಡಗಿದ ಮೇಲೆ ಉಳಿದ ಕೇಳುಗರು ಆ ನಾಲ್ಕು ಮುಖಗಳನ್ನು ಮತ್ತೆ ಮತ್ತೆ ಕೇಳಿದರು. ಜಾಳಾದ ಭಾಗಗಳು ಜಾಳಾಗಿಯೇ ಉಳಿದವು, ಆದರೆ ಗಟ್ಟಿ ಭಾಗಗಳು ಎದ್ದು ಕಂಡವು. 2016ರಲ್ಲಿ ಸ್ಟೀವನ್ ವಿಲ್ಸನ್ ಎಂಬ ಮುಂದಿನ ಪೀಳಿಗೆಯ ಸಂಗೀತಗಾರ ಈ ಕೃತಿಯ ಮೂಲ ಟೇಪುಗಳಿಂದ ಹೊಸ ಮಿಶ್ರಣವನ್ನು ತಯಾರಿಸಿದರು. ಅದೇ ವರ್ಷದ ಪ್ರವಾಸದಲ್ಲಿ ತಂಡ ಅದರ ಮೊದಲನೆಯ ಮತ್ತು ನಾಲ್ಕನೆಯ ಮುಖಗಳನ್ನು ವೇದಿಕೆಯಲ್ಲಿ ನುಡಿಸಿತು. ನಗೆಪಾಟಲಿಗೆ ಗುರಿಯಾಗಿದ್ದ ಕೃತಿಯೇ ಟಿಕೆಟ್ ಕೊಂಡು ಕೇಳುವ ಆಕರ್ಷಣೆಯಾಯಿತು.

ಗಮನಿಸಿ: ಈ ನಲವತ್ತಮೂರು ವರ್ಷಗಳಲ್ಲಿ ಕೃತಿಯ ಒಂದು ಸ್ವರವೂ ಬದಲಾಗಿರಲಿಲ್ಲ. ಬದಲಾದದ್ದು ಕಿವಿ.

ಹೆಸರು ಯಾರದು?

1980ರಲ್ಲಿ ಆಂಡರ್ಸನ್ ಮತ್ತು ಮತ್ತೆ ಸೇರಿಕೊಂಡಿದ್ದ ವೇಕ್‌ಮನ್ ಇಬ್ಬರೂ ತಂಡವನ್ನು ಬಿಟ್ಟರು. ಅವರ ಜಾಗಕ್ಕೆ ‘ಬಗಲ್ಸ್’ ಎಂಬ ಪಾಪ್ ಜೋಡಿಯ ಟ್ರೆವರ್ ಹಾರ್ನ್ ಮತ್ತು ಜೆಫ್ ಡೌನ್ಸ್ ಬಂದರು. ‘ಡ್ರಾಮಾ’ ಎಂಬ ಮುದ್ರಿಕೆ ಹೊರಬಂತು. ಆಂಡರ್ಸನ್ನರ ಎತ್ತರದ ಕಂಠಕ್ಕೆ ಹೊಂದಿಕೊಂಡಿದ್ದ ಹಾಡುಗಳನ್ನು ಹಾರ್ನ್ ರಾತ್ರಿ ರಾತ್ರಿ ಹಾಡಬೇಕಾಗಿ ಬಂತು. ಕೆಲವು ಸಭೆಗಳಲ್ಲಿ ಜನ ಅವರನ್ನು ಕೂಗಿ ಛೇಡಿಸಿದರು. 1981ರಲ್ಲಿ ತಂಡ ಒಡೆಯಿತು. ಆದರೆ ಅದೇ ‘ಡ್ರಾಮಾ’ವನ್ನು 2016ರ ಪ್ರವಾಸದಲ್ಲಿ ಆದಿಯಿಂದ ಅಂತ್ಯದವರೆಗೆ ನುಡಿಸಿದಾಗ ಜನ ಎದ್ದು ನಿಂತು ಕೇಳಿದರು.

1983ರಲ್ಲಿ ತಂಡ ಮತ್ತೆ ಕೂಡಿತು. ಈ ಬಾರಿ ದಕ್ಷಿಣ ಆಫ್ರಿಕದ ಟ್ರೆವರ್ ರೇಬಿನ್ ಗಿಟಾರ್ ಹಿಡಿದರು. ಹಿಂದೆ ಗಾಯಕರಾಗಿ ಬೈಸಿಕೊಂಡಿದ್ದ ಹಾರ್ನ್ ಈಗ ಧ್ವನಿಮುದ್ರಣದ ನಿರ್ಮಾಪಕರಾದರು. ಮುದ್ರಿಕೆಯ ಕಂಪನಿ ಸಂಖ್ಯೆಯಾದ ‘90125’ ಎಂಬುದೇ ಅದರ ಹೆಸರಾಯಿತು. ಅದರ ‘ಓನರ್ ಆಫ್ ಎ ಲೋನ್ಲಿ ಹಾರ್ಟ್’ ಹಾಡು 1984ರ ಜನವರಿಯಲ್ಲಿ ಅಮೆರಿಕದ ಪಟ್ಟಿಯ ತುದಿಗೇರಿತು. ಈ ತಂಡಕ್ಕೆ ಆ ಗೌರವ ಸಿಕ್ಕಿದ್ದು ಅದೊಂದೇ ಸಲ. ಹೊಸದಾಗಿ ಬಂದ ತರುಣ ಅಭಿಮಾನಿಗಳಿಗೆ ಯೆಸ್ ಎಂದರೆ ಈ ಹಾಡೇ. ಹಳಬರಿಗೆ ಅದು ದ್ರೋಹ. ಒಂದೇ ಸಭಾಂಗಣದಲ್ಲಿ ಎರಡು ಪೀಳಿಗೆಯ ಅಭಿಮಾನಿಗಳು ಎರಡು ಬೇರೆ ತಂಡಗಳಿಗಾಗಿ ಕಾದು ಕುಳಿತಂತಾಯಿತು.

1989ರಲ್ಲಿ ಆಂಡರ್ಸನ್, ಬ್ರೂಫರ್ಡ್, ವೇಕ್‌ಮನ್ ಮತ್ತು ಹೌ ತಮ್ಮ ನಾಲ್ವರ ಹೆಸರನ್ನೇ ಇಟ್ಟುಕೊಂಡು ಬೇರೆ ತಂಡ ಕಟ್ಟಿದರು. ಯೆಸ್ ಎಂಬ ಹೆಸರು ಇನ್ನೊಂದು ಗುಂಪಿನ ಬಳಿ ಇತ್ತು. 1991ರಲ್ಲಿ ಎರಡೂ ಗುಂಪುಗಳನ್ನು ಹೊಲಿದು ಎಂಟು ಮಂದಿಯ ‘ಯೂನಿಯನ್’ ಎಂಬ ಮುದ್ರಿಕೆ ಬಂತು. ವೇಕ್‌ಮನ್ ಅದನ್ನು ಈರುಳ್ಳಿ ಎಂದು ಕರೆದರು, ಕೇಳಿದಾಗಲೆಲ್ಲ ಕಣ್ಣೀರು ಬರುತ್ತದೆಯಂತೆ! 2008ರಲ್ಲಿ ಆಂಡರ್ಸನ್ ಉಸಿರಾಟದ ತೊಂದರೆಯಿಂದ ತೀವ್ರವಾಗಿ ಬಳಲಿದಾಗ, ತಂಡ ಬೆನ್ವಾ ಡಾವೀಡ್ ಎಂಬ ಕೆನಡಾದ ಗಾಯಕನನ್ನು ಕರೆತಂದಿತು. ಆತ ಯೆಸ್ ಹಾಡುಗಳನ್ನೇ ಹಾಡುವ ಒಂದು ಅಭಿಮಾನಿ ತಂಡದಲ್ಲಿದ್ದವನು. ಅಭಿಮಾನಿಯೇ ತಂಡದ ಕಂಠವಾದ ಈ ಘಟನೆ ಕೆಲವರಿಗೆ ಸುಂದರವೆನಿಸಿತು, ಕೆಲವರಿಗೆ ಅನುಕರಣೆ ಎನಿಸಿತು. 2017ರಲ್ಲಿಯಂತೂ ಯೆಸ್ ಹೆಸರನ್ನು ಹೊತ್ತ ಎರಡು ತಂಡಗಳು ಏಕಕಾಲದಲ್ಲಿ ಪ್ರವಾಸ ಮಾಡುತ್ತಿದ್ದವು.

ನಮ್ಮ ಕರಾವಳಿಯ ಯಕ್ಷಗಾನದ ಪ್ರೇಕ್ಷಕರಿಗೆ ಈ ಜಗಳ ಅರ್ಥವಾಗುತ್ತದೆ. ಮೆಚ್ಚಿನ ಭಾಗವತರು ಒಂದು ಮೇಳವನ್ನು ಬಿಟ್ಟು ಮತ್ತೊಂದನ್ನು ಸೇರಿದರೆ, ಮುಂದಿನ ತಿರುಗಾಟದಲ್ಲಿ ಅಭಿಮಾನಿಗಳು ಮೇಳದ ಹಿಂದೆ ಹೋಗಬೇಕೆ, ಭಾಗವತರ ಹಿಂದೆ ಹೋಗಬೇಕೆ?

ಮೆಚ್ಚುಗೆ ಬದಲಾಗುವುದೇಕೆ?

ಕಾರಣಗಳನ್ನು ಹೀಗೆ ವಿಂಗಡಿಸಬಹುದು.

ಮೊದಲನೆಯದು ವಯಸ್ಸು. ಹದಿಹರೆಯ ಮತ್ತು ಯೌವನದ ನೆನಪುಗಳು ಉಳಿದ ವಯಸ್ಸಿನ ನೆನಪುಗಳಿಗಿಂತ ಗಟ್ಟಿಯಾಗಿ ಉಳಿಯುತ್ತವೆ ಎಂದು ಮನೋವಿಜ್ಞಾನಿಗಳು ಗುರುತಿಸಿದ್ದಾರೆ. ಹದಿನೇಳನೆಯ ವಯಸ್ಸಿನಲ್ಲಿ ಕೇಳಿದ ಹಾಡಿನ ಜೊತೆ ಆ ವಯಸ್ಸೇ ಅಂಟಿಕೊಂಡಿರುತ್ತದೆ. ‘ತಂಡ ಕೆಟ್ಟಿತು’ ಎಂದು ಕೊರಗುವವರು ಎಷ್ಟೋ ವೇಳೆ ಕೊರಗುವುದು ತಮ್ಮ ಕಳೆದುಹೋದ ಹದಿನೇಳಕ್ಕಾಗಿ.

ಎರಡನೆಯದು ರೂಢಿ. ಮನೋವಿಜ್ಞಾನಿ ರಾಬರ್ಟ್ ಝಯಾಂಕ್ 1968ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದು ವಸ್ತುವನ್ನು ಮತ್ತೆ ಮತ್ತೆ ಕಂಡಷ್ಟೂ ಅದರ ಮೇಲಿನ ಒಲವು ಹೆಚ್ಚುವುದನ್ನು ತೋರಿಸಿದರು. ಮೊದಲ ಸಲ ಕಿವಿಗೆ ಒರಟಾಗಿ ಬಡಿದ ಏಳು ಎಣಿಕೆ, ಹತ್ತನೆಯ ಸಲ ಸಹಜವಾಗುತ್ತದೆ. ದೀರ್ಘ ಮತ್ತು ಜಟಿಲ ಸಂಗೀತಕ್ಕೆ ನ್ಯಾಯ ತಡವಾಗಿ ಸಿಗುವುದು ಇದರಿಂದಲೇ.

ಮೂರನೆಯದು ಸಾಧನ. ತಟ್ಟೆಯನ್ನು ಮಗುಚಿ ಹಾಕಿ ಕೇಳುತ್ತಿದ್ದವನು ಒಂದು ಮುಖವನ್ನು ಪೂರ್ತಿ ಕೇಳುತ್ತಿದ್ದ. ಕ್ಯಾಸೆಟ್ಟಿನಲ್ಲಿ ಮುಂದಕ್ಕೆ ಓಡಿಸುವುದು ಸಾಧ್ಯವಾಯಿತು. 1982ರಲ್ಲಿ ಬಂದ ಸಿ.ಡಿ.ಯಲ್ಲಿ ಗುಂಡಿ ಒತ್ತಿ ಹಾಡನ್ನೇ ಹಾರಿಸಬಹುದಾಯಿತು. ಇಂದು ಮೊಬೈಲಿನಲ್ಲಿ ಮೂವತ್ತು ಸೆಕೆಂಡಿನ ತುಣುಕು ಸಾಕೆನಿಸುತ್ತದೆ. ಸಾಧನ ಬದಲಾದಂತೆ ತಾಳ್ಮೆಯ ಅಳತೆಯೂ ಬದಲಾಗುತ್ತದೆ.

ನಾಲ್ಕನೆಯದು ಸುತ್ತಲಿನವರ ಅಭಿಪ್ರಾಯ. ಪಂಕ್ ಕಾಲದಲ್ಲಿ ನಾಚಿಕೊಂಡವರೂ, ಇಂದು ಹೆಮ್ಮೆಪಡುವವರೂ ಎಷ್ಟೋ ಸಲ ಒಬ್ಬರೇ. ಸಂಗೀತಕ್ಕಿಂತ ಗೆಳೆಯರ ಮುಖ ನೋಡಿ ಇಷ್ಟಾನಿಷ್ಟಗಳನ್ನು ನಿರ್ಧರಿಸುವುದು ತರುಣರ ಕಾಲೇಜಿನಲ್ಲಷ್ಟೇ ಅಲ್ಲ, ಹಿರಿಯರ ಪತ್ರಿಕಾಲಯಗಳಲ್ಲೂ ಉಂಟು.

ಐದನೆಯದು ಕೇಳಿದ ಕ್ರಮ. ಇದು ನಮ್ಮವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಬೆಂಗಳೂರಿನಲ್ಲಿ ರಾಕ್ ಸಂಗೀತಕ್ಕೆ ಬಹುಕಾಲದಿಂದ ಕೇಳುಗರಿದ್ದಾರೆ. ಆದರೆ ಪ್ರಸಿದ್ಧ ತಂಡಗಳು ಇಲ್ಲಿಗೆ ಬಂದದ್ದು ತಮ್ಮ ಮುಪ್ಪಿನಲ್ಲಿ: ಪಿಂಕ್ ಫ್ಲಾಯ್ಡ್‌ನಿಂದ 1985ರಲ್ಲೇ ಹೊರಬಂದಿದ್ದ ರಾಜರ್ ವಾಟರ್ಸ್ 2002ರಲ್ಲಿ, ರೋಲಿಂಗ್ ಸ್ಟೋನ್ಸ್ 2003ರಲ್ಲಿ, ಐರನ್ ಮೇಡನ್ 2007ರಲ್ಲಿ. ನಮ್ಮ ಕೇಳುಗನ ಕೈಗೆ 1971ರ ಮುದ್ರಿಕೆಯೂ 1983ರ ಮುದ್ರಿಕೆಯೂ ಒಂದೇ ದಿನ, ಒಬ್ಬ ಗೆಳೆಯನ ಕ್ಯಾಸೆಟ್ಟಿನಿಂದಲೇ ಬಂದಿರಬಹುದು. ಲಂಡನ್ನಿನವನಿಗೆ ಹನ್ನೆರಡು ವರ್ಷಗಳ ದ್ರೋಹವಾಗಿ ಕಂಡದ್ದು ಇವನಿಗೆ ಒಂದೇ ಮರದ ಎರಡು ಕೊಂಬೆಗಳಾಗಿ ಕಾಣುತ್ತದೆ. ದೂರದಲ್ಲಿರುವುದು ಕೊರತೆಯೇ ಸರಿ. ಒಮ್ಮೊಮ್ಮೆ ಅದು ಅನುಕೂಲವೂ ಹೌದು.

ಅಭಿಮಾನದ ಬಲ, ಅಭಿಮಾನದ ಭಾರ

ಅಭಿಮಾನಿ ಬರಿಯ ಕೇಳುಗನಲ್ಲ. ‘ಮರಿಲಿಯನ್’ ಎಂಬ ಇಂಗ್ಲಿಷ್ ತಂಡಕ್ಕೆ 1997ರಲ್ಲಿ ಅಮೆರಿಕ ಪ್ರವಾಸ ಮಾಡಲು ಹಣವಿರಲಿಲ್ಲ. ಅಭಿಮಾನಿಗಳೇ ಸುಮಾರು 60,000 ಡಾಲರ್ ಕೂಡಿಸಿ ಕರೆಸಿಕೊಂಡರು. ಮುಂದೆ 2001ರ ಮುದ್ರಿಕೆಗೆ, ಅದು ತಯಾರಾಗುವ ಮುನ್ನವೇ ಸಾವಿರಾರು ಮಂದಿ ಮುಂಗಡ ಕಟ್ಟಿದರು.

ಇದಕ್ಕೂ ಬಹಳ ಮೊದಲೇ ಮೈಸೂರು ಇಂಥ ಅಭಿಮಾನಕ್ಕೆ ಮಾದರಿ ಒದಗಿಸಿತ್ತು. ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ತಮ್ಮ ಕೊನೆಗಾಲದಲ್ಲಿ ಲಂಡನ್ನಿನಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದೆ ಬದುಕಿದ್ದರು. ಅವರ ಸಂಗೀತವನ್ನು ಮೆಚ್ಚಿದ ಮಹಾರಾಜ ಜಯಚಾಮರಾಜೇಂದ್ರ ಒಡೆಯರು 1940ರ ದಶಕದ ಕೊನೆಯಲ್ಲಿ ಮೆಟ್ನರ್ ಸೊಸೈಟಿಗೆ ಧನಸಹಾಯ ನೀಡಿ, ಸ್ವತಃ ಮೆಟ್ನರ್ ನುಡಿಸಿದ ಪಿಯಾನೋ ಸಂಗೀತವನ್ನು ಮುದ್ರಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು, 1951ರಲ್ಲಿ ತೀರಿಕೊಂಡರು. ಆ ತಟ್ಟೆಗಳು ಇಲ್ಲದಿದ್ದರೆ ಅವರ ಕೈಯ ನಾದ ಇಂದಿಗೆ ಇಷ್ಟು ಉಳಿಯುತ್ತಿರಲಿಲ್ಲ.

ಆದರೆ ಅಭಿಮಾನಕ್ಕೆ ಭಾರವೂ ಇದೆ. ‘ಹಳೆಯದನ್ನೇ ಹಾಡಿ’ ಎಂಬ ಕೂಗು ಕಲಾವಿದನನ್ನು ಅವನದೇ ಇಪ್ಪತ್ತೈದನೆಯ ವಯಸ್ಸಿನೊಳಗೆ ಕೂಡಿಹಾಕುತ್ತದೆ. ಹೊಸತನ್ನು ಮಾಡಿದರೆ ದ್ರೋಹಿ, ಮಾಡದಿದ್ದರೆ ಸವಕಲು. ಎರಡೂ ಬೈಗುಳವನ್ನು ಒಬ್ಬನೇ ಅಭಿಮಾನಿ ಬೇರೆ ಬೇರೆ ವರ್ಷಗಳಲ್ಲಿ ಬೈದಿರುತ್ತಾನೆ.

ಊರಿನ ಮೇಳಗಳು

ಈಗ ಹುಲ್ಲಹಳ್ಳಿಯ ಸೀಮೆಗೆ ಮರಳೋಣ. ತಂಬೂರಿ, ಗಗ್ಗರ, ಡಕ್ಕೆ, ತಾಳಗಳೊಡನೆ ಹಾಡುವ ನೀಲಗಾರರ ಮೇಳವೂ ಒಂದು ದೀರ್ಘಾಯುಷಿ ತಂಡವೇ. ಮುಮ್ಮೇಳದ ಗಾಯಕ ಮುಪ್ಪಾದಾಗ ಹಿಮ್ಮೇಳದಲ್ಲಿದ್ದವನು ಮುಂದೆ ಬರುತ್ತಾನೆ. ಒಬ್ಬೊಬ್ಬ ಗಾಯಕನೂ ಕಥೆಯನ್ನು ತನ್ನಂತೆ ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಇಲ್ಲಿ ‘ಮೂಲ ಸದಸ್ಯರು’ ಎಂಬ ಮಾತಿಗೆ ಅರ್ಥವಿಲ್ಲ. ಯೆಸ್ ಅಭಿಮಾನಿಗಳು ಐವತ್ತು ವರ್ಷ ಜಗಳವಾಡಿದ ಪ್ರಶ್ನೆಗೆ ನಮ್ಮ ಪರಂಪರೆ ತಣ್ಣಗೆ ಉತ್ತರ ಕೊಟ್ಟಿದೆ: ಹಾಡು ದೊಡ್ಡದು, ಹಾಡುವವರು ಬಂದು ಹೋಗುವವರು.

ಆದರೆ ಕೇಳುಗರ ಕಿವಿ ಇಲ್ಲಿಯೂ ಬದಲಾಗಿದೆ. 1996ರಲ್ಲಿ ತೆರೆಕಂಡ ‘ಜನುಮದ ಜೋಡಿ’ ಚಿತ್ರದ ಮೂಲಕ ಮಹದೇಶ್ವರನ ಪದದ ಮಟ್ಟು ರಾಜ್ಯದ ಮೂಲೆ ಮೂಲೆಗೆ ತಲುಪಿತು. ಎಲ್.ಎನ್. ಶಾಸ್ತ್ರಿಯವರ ಗಾಯನಕ್ಕೆ ರಾಜ್ಯ ಪ್ರಶಸ್ತಿಯೂ ಬಂತು. ಇದು ಸಂತೋಷದ ಸಂಗತಿ. ಅದರ ಜೊತೆಗೇ ಒಂದು ತೊಡಕೂ ಹುಟ್ಟಿತು. ಸಿನಿಮಾದ ಐದು ನಿಮಿಷವನ್ನು ಮೊದಲು ಕೇಳಿದ ಹುಡುಗನಿಗೆ, ಜಾತ್ರೆಯಲ್ಲಿ ರಾತ್ರಿಯಿಡೀ ಹಾಡುವ ದೇವರಗುಡ್ಡನ ಹಾಡು ‘ನಿಧಾನ’ವೆನಿಸಬಹುದು. ಸಭೆ ಸಮಾರಂಭಗಳ ವೇದಿಕೆಯಲ್ಲಿ ಕಂಸಾಳೆಗೆ ಸಿಗುವುದು ಹತ್ತೋ ಹದಿನೈದೋ ನಿಮಿಷ. ಅಷ್ಟರಲ್ಲಿ ಬೀಸು ಕಂಸಾಳೆಯ ಕಸರತ್ತನ್ನು ತೋರಿಸಬಹುದೇ ಹೊರತು ಕಥೆಯನ್ನು ಹೇಳಲಾಗುವುದಿಲ್ಲ. ಮೂರು ನಿಮಿಷದ ಪ್ಲೇಟು ಹಾಡನ್ನು ಮೊಟಕು ಮಾಡಿದಂತೆ, ಹತ್ತು ನಿಮಿಷದ ವೇದಿಕೆ ಕಾವ್ಯವನ್ನು ಮೊಟಕು ಮಾಡುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈ ಕಾವ್ಯಗಳನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದೆ. ಪದಗಳು ಉಳಿದವು, ಆದರೆ ರಾತ್ರಿಯೆಲ್ಲ ಕೂತು ಕೇಳುವ ಕಿವಿಯನ್ನು ಯಾವ ವಿಶ್ವವಿದ್ಯಾಲಯವೂ ಅಚ್ಚು ಹಾಕಲಾರದು. ಅದು ಕೇಳುಗರೇ ಉಳಿಸಿಕೊಳ್ಳಬೇಕಾದ ವಸ್ತು.

ಯೆಸ್ ತಂಡದ ದೀರ್ಘ ರಚನೆಗೆ ಎರಡನೆಯ ಅವಕಾಶ ಸಿಕ್ಕಿದ್ದು ಅದು ಮುದ್ರಿಕೆಯಲ್ಲಿ ಕಾದು ಕುಳಿತಿತ್ತು ಎಂಬ ಕಾರಣಕ್ಕೆ. ಬಾಯಿಂದ ಬಾಯಿಗೆ ಬರುವ ಹಾಡು ಹಾಗೆ ಕಾಯಲಾರದು. ಒಂದು ಪೀಳಿಗೆ ಕೇಳದಿದ್ದರೆ ಮುಂದಿನ ಪೀಳಿಗೆ ತನ್ನ ಅಭಿಪ್ರಾಯ ಬದಲಿಸಲು ಹಾಡೇ ಉಳಿದಿರುವುದಿಲ್ಲ.

ಕೇಳುವುದು ಹೇಗೆ?

ವಿದ್ಯಾರ್ಥಿ ಮಿತ್ರರು ಮೂರು ಸರಳ ಅಭ್ಯಾಸಗಳನ್ನು ಮಾಡಿಕೊಳ್ಳಬಹುದು. ಒಂದು, ಉದ್ದದ ಹಾಡನ್ನು ಒಮ್ಮೆಯಾದರೂ ನಡುವೆ ನಿಲ್ಲಿಸದೆ ಕೇಳಿ, ಆಮೇಲೆ ಬೇಡವೆನ್ನಿ. ಎರಡು, ಇಷ್ಟವಾದದ್ದನ್ನು ಇಷ್ಟವೆಂದು ಹೇಳಲು ಗೆಳೆಯರ ಅಪ್ಪಣೆಗೆ ಕಾಯಬೇಡಿ. ಇಷ್ಟವಾಗದ್ದನ್ನು ಹೆಸರಿಗೆ ಹೆದರಿ ಹೊಗಳಬೇಡಿ. ಮೂರು, ನಿಮ್ಮ ಅಭಿಪ್ರಾಯದ ಜೊತೆ ಇಸವಿಯನ್ನು ಬರೆದಿಡಿ. ಐದು ವರ್ಷದ ನಂತರ ಅದನ್ನು ಓದಿ ನಕ್ಕರೆ ತಪ್ಪೇನಿಲ್ಲ. ಆ ನಡುವೆ ನಿಮ್ಮ ಕಿವಿ ಬೆಳೆದಿದೆ ಎಂದರ್ಥ.

ಅಭಿಮಾನ ಬದಲಾಗುವುದು ಅಪರಾಧವಲ್ಲ. ಕೇಳದೆಯೇ ತೀರ್ಪು ಕೊಡುವುದು ಮಾತ್ರ ಅನ್ಯಾಯ.

ಚರ್ಚೆಗೆ

1. ಸದಸ್ಯರೆಲ್ಲ ಬದಲಾದ ತಂಡ ಅದೇ ಹೆಸರನ್ನು ಇಟ್ಟುಕೊಳ್ಳುವುದು ಸರಿಯೇ? ನಿಮ್ಮ ಊರಿನ ಭಜನೆ ಮೇಳ ಅಥವಾ ನಾಟಕ ಸಂಘದ ಉದಾಹರಣೆ ಕೊಟ್ಟು ವಿವರಿಸಿ.

2. ನಿಮ್ಮ ಮನೆಯ ಹಿರಿಯರು ನಿಮ್ಮ ವಯಸ್ಸಿನಲ್ಲಿ ಮೆಚ್ಚಿದ ಹಾಡು ಯಾವುದು? ಅದರ ಬಗ್ಗೆ ಅವರ ಅಭಿಪ್ರಾಯ ಈಗ ಬದಲಾಗಿದೆಯೇ? ಏಕೆ? ಕೇಳಿ ಬರೆಯಿರಿ.

3. ಹತ್ತಿರದ ಜಾತ್ರೆಯಲ್ಲಿ ನೀಲಗಾರರ ಅಥವಾ ಕಂಸಾಳೆಯವರ ಒಂದು ‘ಸಾಲ’ನ್ನು ಪೂರ್ತಿ ಕೇಳಿ. ಅದೇ ದೇವರ ಸಿನಿಮಾ ಹಾಡಿಗೂ ಅದಕ್ಕೂ ಇರುವ ವ್ಯತ್ಯಾಸಗಳನ್ನು ಪಟ್ಟಿ ಮಾಡಿ.